ಸೇಬಿನ ಬುಟ್ಟಿ ಹೊತ್ತು ತಂದ ಗೆಳೆಯನಿಗೆ

ಗೆಳೆಯಾ,

ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, "ತೋಟಕ್ಕೆ ಹೋಗಿ ಅರ್ಧ ಬುಶೆಲ್ ಸೇಬು ಕಿತ್ತು ತಂದಿದ್ದೀವಿ, ಈಗ ಇಷ್ಟನ್ನೂ ಏನು ಮಾಡೋದು ಮಾರಾಯ" ಅಂತ. ಅವತ್ತು ಮಾತು ಮಕ್ಕಳ ಸ್ಕೂಲಿನ ಕಡೆ ಹೊರಳಿತು, ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಅರ್ಧ ಬುಶೆಲ್ ಅಂದರೆ ಸುಮಾರು 9 ಕಿಲೋ. ಅಷ್ಟನ್ನು ಹೆಚ್ಚಿ ತಿಂದು ಮುಗಿಸುವುದು ಕಷ್ಟ, ಮುಗಿಸಬೇಕಾಗಿಯೂ ಇಲ್ಲ. ಬೇಯಿಸು. ಅದನ್ನು ಹೇಳೋಕೇ ಈ ಪತ್ರ.

ಊರಿನಲ್ಲಿ ನಮಗೆ ಸೇಬು ಬೇಯಿಸಿ ಅಭ್ಯಾಸವೇ ಇಲ್ಲ, ಅಲ್ವಾ? ಆಸ್ಪತ್ರೆಯಲ್ಲಿರುವವರನ್ನು ನೋಡಲು ಹೋಗುವಾಗ ಒಂದು ಕಿಲೋ ಕಟ್ಟಿಸಿಕೊಂಡು ಹೋಗುತ್ತಿದ್ದೆವು. ಪೂಜೆಯ ತಟ್ಟೆಯಲ್ಲಿ ಬಾಳೆಹಣ್ಣಿನ ಪಕ್ಕ ಇಡುತ್ತಿದ್ದೆವು. ನಮಗೆ ಸಿಗುತ್ತಿದ್ದದ್ದು ಹೆಚ್ಚಾಗಿ ಶಿಮ್ಲಾ ಕಡೆಯ ರೆಡ್ ಡೆಲಿಷಿಯಸ್. ಆ ತಳಿ ಮೂಲತಃ ನಾವೀಗ ಇರುವ ಈ ಅಮೆರಿಕದ್ದೇ. 19ನೇ ಶತಮಾನದ ಕೊನೆಯಲ್ಲಿ ಅಯೋವಾದ ರೈತನೊಬ್ಬನ ತೋಟದಲ್ಲಿ ತಾನಾಗಿ ಹುಟ್ಟಿದ ಗಿಡ. ಫಿಲಡೆಲ್ಫಿಯಾದಿಂದ ಬಂದು ಹಿಮಾಚಲದ ಕೋಟಗಢದಲ್ಲಿ ನೆಲೆಸಿದ ಸ್ಯಾಮ್ಯುಯೆಲ್ ಸ್ಟೋಕ್ಸ್ 1916ರ ಸುಮಾರಿಗೆ ಅದನ್ನು ಅಲ್ಲಿ ನೆಟ್ಟರು. ಅವರೇ ಮುಂದೆ ಸತ್ಯಾನಂದ ಸ್ಟೋಕ್ಸ್ ಆದರು, ಸ್ವಾತಂತ್ರ್ಯ ಹೋರಾಟದಲ್ಲಿ ಜೈಲಿಗೂ ಹೋದರು. ಅವರ ಮೇಲೆ ನನಗೆ ತುಂಬ ಗೌರವ. ಆದರೆ ಆ ಹಣ್ಣಿನಲ್ಲಿ ಹುಳಿ ಕಡಿಮೆ. ಬೇಯಿಸಿದರೆ ಸಪ್ಪೆ, ಬಾಯಲ್ಲಿ ಹಿಟ್ಟು ಹಿಟ್ಟು. ಸೇಬನ್ನು ಒಲೆಗೆ ಇಡಬಹುದು ಅಂತ ನಮ್ಮ ಮನೆಗಳಲ್ಲಿ ಯಾರಿಗೂ ತೋಚದಿದ್ದರೆ ಅದಕ್ಕೆ ಆ ಹಣ್ಣೂ ಒಂದು ಕಾರಣ ಅಂತ ನನಗನಿಸುತ್ತದೆ.

ಅಂಗಡಿಯಿಂದ ತಂದ ಪೈ (ಮೈದಾ ಕಣಕದೊಳಗೆ ಹಣ್ಣು ತುಂಬಿ ಓವನ್ನಿನಲ್ಲಿ ಬೇಯಿಸುವ ತಿಂಡಿ) ಬರೀ ಸಕ್ಕರೆ, ಒಂದು ತುಂಡಿಗೇ ಸಾಕಾಯಿತು ಅಂದೆ. ಸರಿಯಾಗೇ ಹೇಳಿದೆ. ಹುಳಿ ಇಲ್ಲದ ಹಣ್ಣಿಗೆ ಸಕ್ಕರೆ ಸುರಿದು, ಅದರ ಮೇಲೆ ಚಕ್ಕೆ ಪುಡಿ ಉದುರಿಸಿದರೆ ಆಗುವುದೇ ಹಾಗೆ. ಸೇಬಿನ ಅಡುಗೆಗೆ ಮೊದಲು ಬೇಕಾದದ್ದು ಹುಳಿ. ಮಾವಿನಕಾಯಿ, ಹುಣಸೆ, ಅಮಟೆಕಾಯಿ ತಿಂದು ಬೆಳೆದ ನಾಲಿಗೆ ನಿನ್ನದು. ಈ ವಿಷಯದಲ್ಲಿ ಅದನ್ನೇ ನಂಬು. ಹಸಿಯಾಗಿ ಕಚ್ಚಿದಾಗ ಕಣ್ಣು ಸ್ವಲ್ಪ ಮುಚ್ಚಿಕೊಳ್ಳುವಷ್ಟು ಹುಳಿ, ಹಲ್ಲಿಗೆ ಗಟ್ಟಿ, ಇವೆರಡೂ ಇದ್ದರೆ ಆ ಹಣ್ಣು ಓವನ್ನಿಗೆ ಸರಿ.

ಈಗ ನಿನ್ನ ಬುಟ್ಟಿಯನ್ನೇ ನೋಡೋಣ. ಮ್ಯಾಕಿಂಟಾಶ್, ಕಾರ್ಟ್‌ಲ್ಯಾಂಡ್, ಒಂದಷ್ಟು ಹನಿಕ್ರಿಸ್ಪ್ ಅಂದೆ. ಮೊದಲು ಮೂರನ್ನೂ ಬೇರೆ ಬೇರೆ ಮಾಡು.

ಮ್ಯಾಕಿಂಟಾಶ್‌ನಲ್ಲಿ ಒಳ್ಳೆಯ ಹುಳಿ ಇದೆ, ಪರಿಮಳ ಇದೆ, ಆದರೆ ಬಿಸಿ ತಗುಲಿದರೆ ಕರಗಿ ಮುದ್ದೆಯಾಗುತ್ತದೆ. 1811ರ ಹೊತ್ತಿಗೆ ಕೆನಡಾದ ಒಂಟಾರಿಯೊದಲ್ಲಿ ಜಾನ್ ಮ್ಯಾಕಿಂಟಾಶ್ ಎಂಬ ರೈತನಿಗೆ ಸಿಕ್ಕ ಗಿಡ ಅದು. ಅಮೆರಿಕದ ಈಶಾನ್ಯ ಮೂಲೆಯ ನ್ಯೂ ಇಂಗ್ಲೆಂಡ್ ಕಡೆಯ ತೋಟಗಳಲ್ಲಿ ಎಲ್ಲಿ ನೋಡಿದರೂ ಅದೇ. ಅದನ್ನು ಬೇಯಿಸಿ ಸೋಸಿ ಮಾಡುವ ಸಾಸ್‌ಗೆ ಇಡು. ಕಾರ್ಟ್‌ಲ್ಯಾಂಡ್ ಅದರ ಮಗು. ನ್ಯೂಯಾರ್ಕ್ ರಾಜ್ಯದಲ್ಲೇ, ನಮ್ಮ ರೋಚೆಸ್ಟರ್‌ನಿಂದ ಒಂದು ಗಂಟೆ ದೂರದ ಜಿನೀವಾ ಸಂಶೋಧನಾ ಕೇಂದ್ರದಲ್ಲಿ 1898ರಲ್ಲಿ ಮ್ಯಾಕಿಂಟಾಶ್‌ಗೆ ಬೆನ್ ಡೇವಿಸ್ ಎಂಬ ತಳಿ ಕೂಡಿಸಿ ಮಾಡಿದ್ದು. ಒಳಗೆ ಬೆಳ್ಳಗಿರುತ್ತದೆ, ಹೆಚ್ಚಿಟ್ಟರೂ ಬೇಗ ಕಪ್ಪಾಗುವುದಿಲ್ಲ. ನಿನ್ನ ಪೈಗೆ ಅದೇ ಇರಲಿ. ಹನಿಕ್ರಿಸ್ಪ್ ಬೇಯಿಸಿದರೂ ಕೆಡುವುದಿಲ್ಲ, ಆದರೆ ಅಷ್ಟು ದುಡ್ಡು ಕೊಟ್ಟು ತಂದ ಹಣ್ಣಿನ ಆ ಕರುಮ್ ಅನ್ನುವ ಸುಖವನ್ನು ಓವನ್ನಿಗೆ ಹಾಕಬಾರದು. ಹಾಗೇ ತಿನ್ನಿ.

ನಮ್ಮ ಕಡೆ ಒಂಟಾರಿಯೊ ಸರೋವರದ ದಕ್ಷಿಣ ದಡದ ಉದ್ದಕ್ಕೂ ಸೇಬಿನ ತೋಟಗಳೇ. ವಸಂತದಲ್ಲಿ ಸರೋವರದ ತಣ್ಣನೆ ಗಾಳಿ ಮರಗಳು ಹೂ ಬಿಡುವುದನ್ನು ತಡ ಮಾಡುತ್ತದೆ. ಹೂ ಅರಳುವ ಹೊತ್ತಿಗೆ ಅದನ್ನು ಸುಟ್ಟುಹಾಕುವ ಮಂಜಿನ ಕಾಟ ಬಹುಮಟ್ಟಿಗೆ ಮುಗಿದಿರುತ್ತದೆ. ಅಕ್ಟೋಬರಿನಲ್ಲಿ ಅದೇ ನೀರು ಬೇಸಿಗೆಯ ಬಿಸಿಯನ್ನು ಇಟ್ಟುಕೊಂಡಿದ್ದು, ತಡವಾಗಿ ಹಣ್ಣಾಗುವ ತಳಿಗಳಿಗೂ ಸಮಯ ಕೊಡುತ್ತದೆ. ಆ ತಡದ ಹಣ್ಣುಗಳಲ್ಲೇ ನನ್ನ ಪ್ರೀತಿಯ ನಾರ್ದರ್ನ್ ಸ್ಪೈ ಇರುವುದು. ಅದರ ವಿಷಯ ಆಮೇಲೆ ಹೇಳುತ್ತೇನೆ.

ಈಗ ಪೈ. ಇದಕ್ಕೆ ಮೊಟ್ಟೆ ಬೇಡ, ಅಮ್ಮನಿಗೆ ಮೊದಲೇ ಹೇಳಿಬಿಡು. ಹಳೆಯ ಪದ್ಧತಿಯಲ್ಲಿ ಕಣಕಕ್ಕೆ ಹಂದಿಯ ಕೊಬ್ಬು ಹಾಕುವವರು ಈಗಲೂ ಇದ್ದಾರೆ. ಅದಕ್ಕೇ ಹೊರಗೆ ಕೊಳ್ಳುವಾಗ ಕೇಳಬೇಕು. ಮನೆಯಲ್ಲಿ ಬೆಣ್ಣೆಯಲ್ಲೇ ಮಾಡಬಹುದು, ರುಚಿಯೂ ಅದರದ್ದೇ ಜಾಸ್ತಿ. ತೋಟದಲ್ಲಿ ಮಾರುವ, ಸೇಬಿನ ರಸ ಹಾಕಿ ಮಾಡಿದ ಸೈಡರ್ ಡೋನಟ್‌ನಲ್ಲಿ ಮಾತ್ರ ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ.

300 ಗ್ರಾಂ ಮೈದಾ, ಎರಡು ಸ್ಟಿಕ್ ಉಪ್ಪಿಲ್ಲದ ಬೆಣ್ಣೆ (ಸುಮಾರು 225 ಗ್ರಾಂ), ಒಂದು ಸಣ್ಣ ಚಮಚ ಉಪ್ಪು, ಆರೇಳು ದೊಡ್ಡ ಚಮಚ ಐಸ್ ನೀರು. ಬೆಣ್ಣೆ ಫ್ರಿಜ್‌ನಿಂದ ಆಗಷ್ಟೇ ತೆಗೆದದ್ದಾಗಿರಬೇಕು. ತುಂಡು ಮಾಡಿ ಹಿಟ್ಟಿಗೆ ಹಾಕಿ, ಬೆರಳ ತುದಿಯಿಂದ ಬೇಗ ಬೇಗ ಉಜ್ಜು. ಕಡಲೆಕಾಳಿನಷ್ಟು ದಪ್ಪದ ತುಂಡುಗಳು ಹಾಗೇ ಉಳಿಯಲಿ. ನೀರು ಚಿಮುಕಿಸಿ ಒಟ್ಟುಗೂಡಿಸು, ಚಪಾತಿಗೆ ನಾದಿದಂತೆ ನಾದಲೇಬೇಡ. ನಾದಿದರೆ ಜಿಗುಟು ಬಂದು ಬೆಂದಮೇಲೆ ಗಟ್ಟಿಯಾಗುತ್ತದೆ. ಎರಡು ಉಂಡೆ ಮಾಡಿ, ತಟ್ಟಿ, ಮುಚ್ಚಿ ಒಂದು ಗಂಟೆ ಫ್ರಿಜ್‌ನಲ್ಲಿಡು.

ಬೆಣ್ಣೆ ಯಾಕೆ ಅಷ್ಟು ತಣ್ಣಗಿರಬೇಕು ಅಂದರೆ, ಅದರಲ್ಲಿ ಶೇ 80ರಷ್ಟು ಕೊಬ್ಬು, ಉಳಿದದ್ದರಲ್ಲಿ ಹೆಚ್ಚಿನದು ನೀರು. ಓವನ್ನಿನಲ್ಲಿ ಆ ತುಂಡುಗಳು ಕರಗಿದ ಜಾಗದಲ್ಲಿ ನೀರು ಆವಿಯಾಗಿ ಹಿಟ್ಟನ್ನು ಮೇಲೆತ್ತುತ್ತದೆ. ಪದರ ಪದರವಾಗುವುದು ಹಾಗೆ. ಮನೆಯಲ್ಲಿ ತುಪ್ಪ ಇದೆ, ಅದನ್ನೇ ಹಾಕೋಣ ಅಂತ ನಿನಗೆ ಅನ್ನಿಸಬಹುದು. ಬೇಡ. ತುಪ್ಪದಲ್ಲಿ ನೀರೇ ಇಲ್ಲ. ನಿಪ್ಪಟ್ಟಿನ ಹಾಗೆ ಗರಿಗರಿ ಆಗಬಹುದು, ಪದರ ಬರುವುದಿಲ್ಲ.

ಹೂರಣಕ್ಕೆ ಒಂದೂಕಾಲು ಕಿಲೋ ಸೇಬು. ಸಿಪ್ಪೆ ತೆಗೆದು, ಬೀಜದ ಭಾಗ ತೆಗೆದು, ಕಿರುಬೆರಳಿನ ಅರ್ಧದಷ್ಟು ದಪ್ಪ ಹೋಳು ಮಾಡು. ಇಲ್ಲಿ ಒಂದು ಕೆಲಸವನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ, ನೀನು ಬಿಡಬೇಡ. ಸೇಬಿನ ಗಾತ್ರದ ಕಾಲು ಭಾಗದಷ್ಟು ಬರೀ ಗಾಳಿ. ಅದಕ್ಕೇ ಅದು ನೀರಿನಲ್ಲಿ ತೇಲುವುದು. ಹಸಿ ಹೋಳುಗಳನ್ನು ಗುಡ್ಡದ ಹಾಗೆ ತುಂಬಿ ಮೇಲೆ ಕಣಕದ ಹಾಳೆ ಹೊದಿಸಿದರೆ, ಬೇಯುವಾಗ ಗಾಳಿ ಹೋಗಿ ಹಣ್ಣು ಕುಸಿಯುತ್ತದೆ, ಹಾಳೆ ಮಾತ್ರ ಮೇಲೇ ನಿಲ್ಲುತ್ತದೆ. ಕತ್ತರಿಸಿದರೆ ನಡುವೆ ಖಾಲಿ ಗೂಡು. ಹಾಗಾಗಬಾರದು ಅಂದರೆ ಹೋಳುಗಳಿಗೆ 125 ಗ್ರಾಂ ಸಕ್ಕರೆ, ಚಿಟಿಕೆ ಉಪ್ಪು, ಒಂದು ನಿಂಬೆಹಣ್ಣಿನ ರಸ ಹಾಕಿ, ಅಗಲ ಪಾತ್ರೆಯಲ್ಲಿ ಮುಚ್ಚಿ ಸಣ್ಣ ಉರಿಯಲ್ಲಿ ಹತ್ತು ಹದಿನೈದು ನಿಮಿಷ ಬಿಸಿ ಮಾಡು. ಕುದಿಯಬಾರದು. ಹೋಳು ಮುರಿಯದೆ ಬಾಗುವಂತಾದರೆ ಸಾಕು. ಇದರಿಂದ ಇನ್ನೊಂದು ಲಾಭವೂ ಇದೆ. 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಸೇಬಿನೊಳಗಿನ ಒಂದು ಕಿಣ್ವ ಚುರುಕಾಗಿ, ಹಣ್ಣಿನ ಜೀವಕೋಶಗಳ ಗೋಡೆಯಲ್ಲಿರುವ ಪೆಕ್ಟಿನ್ ಎಂಬ ಅಂಟನ್ನು ಗಟ್ಟಿ ಮಾಡುತ್ತದೆ. ಆಮೇಲೆ ಓವನ್ನಿನ ಜೋರು ಬಿಸಿಗೂ ಹೋಳು ಮುದ್ದೆಯಾಗದೆ ಉಳಿಯುತ್ತದೆ.

ರಸ ಬಸಿದುಕೊಂಡು, ಚೆನ್ನಾಗಿ ಆರಿಸು. ಬಿಸಿ ಹೂರಣ ತುಂಬಿದರೆ ಕಣಕದ ಬೆಣ್ಣೆ ಅಲ್ಲೇ ಕರಗುತ್ತದೆ. ಬಸಿದ ರಸ ಕುದಿಸಿ ಮಂದ ಮಾಡಿ, ಎರಡು ಚಮಚ ಕಾರ್ನ್‌ಸ್ಟಾರ್ಚ್ ಜೊತೆ ವಾಪಸು ಬೆರೆಸು. ಮಸಾಲೆಗೆ ಎಲ್ಲರೂ ಚಕ್ಕೆ ಹಾಕುತ್ತಾರೆ. ನಾನು ಚಕ್ಕೆ ಕಡಿಮೆ ಮಾಡಿ ಏಲಕ್ಕಿ, ಚೂರು ಜಾಯಿಕಾಯಿ ತುರಿದು ಹಾಕುತ್ತೇನೆ. ಸೇಬಿನ ಪರಿಮಳ ಆಗ ಮೇಲೆ ಬರುತ್ತದೆ.

ಒಂದು ಉಂಡೆಯನ್ನು ಲಟ್ಟಿಸಿ 9 ಇಂಚಿನ ತಟ್ಟೆಗೆ ಹಾಸು, ಹೂರಣ ತುಂಬು, ಇನ್ನೊಂದನ್ನು ಹೊದಿಸಿ ಅಂಚು ಒತ್ತು. ಆವಿ ಹೋಗಲು ಮೇಲೆ ನಾಲ್ಕು ಕಡೆ ಸೀಳು. 425 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ 20 ನಿಮಿಷ, ಆಮೇಲೆ 375ಕ್ಕೆ ಇಳಿಸಿ ಮತ್ತೆ ಮುಕ್ಕಾಲು ಗಂಟೆಯ ಹತ್ತಿರ. ಬಣ್ಣ ಒಂದೇ ನೋಡಬೇಡ. ಸೀಳಿನಲ್ಲಿ ರಸ ಮಂದವಾಗಿ ಗುಳುಗುಳು ಅನ್ನಬೇಕು. ತೆಗೆದಮೇಲೆ ಮೂರು ಗಂಟೆಯಾದರೂ ಮುಟ್ಟಬೇಡ. ಇದು ಕಷ್ಟ, ಮನೆ ತುಂಬ ಆ ವಾಸನೆ ಇರುವಾಗ ಮಕ್ಕಳನ್ನು ತಡೆಯುವುದು ಇನ್ನೂ ಕಷ್ಟ. ಆದರೂ ಆರದೆ ಹೂರಣ ನಿಲ್ಲುವುದಿಲ್ಲ.

ಇಷ್ಟೆಲ್ಲ ಮಾಡಲು ವಾರದ ಮಧ್ಯೆ ಪುರಸೊತ್ತು ಸಿಗದಿದ್ದರೆ ಕ್ರಿಸ್ಪ್ ಮಾಡು. ಹೋಳು ಹಾಸಿ, ಓಟ್ಸ್, ಮೈದಾ, ಕಂದು ಸಕ್ಕರೆ, ಬೆಣ್ಣೆ ಪುಡಿಪುಡಿಯಾಗಿ ಕಲಸಿ ಮೇಲೆ ಉದುರಿಸಿ 350ರಲ್ಲಿ ಮುಕ್ಕಾಲು ಗಂಟೆ ಇಟ್ಟರೆ ಆಯಿತು. ನಾನು ಕಂದು ಸಕ್ಕರೆಯ ಬದಲು ಪುಡಿ ಬೆಲ್ಲ ಹಾಕುತ್ತೇನೆ.

ಇನ್ನು ಮ್ಯಾಕಿಂಟಾಶ್. ಸಿಪ್ಪೆ ಸಮೇತ ನಾಲ್ಕು ಹೋಳು ಮಾಡಿ, ಬೀಜ ತೆಗೆದು, ತಳಕ್ಕೆ ಸ್ವಲ್ಪ ನೀರು ಹಾಕಿ ಬೇಯಿಸು. ಇಪ್ಪತ್ತು ನಿಮಿಷದಲ್ಲಿ ಕರಗಿರುತ್ತದೆ. ಜರಡಿಯಲ್ಲಿ ಉಜ್ಜಿ ಸೋಸಿದರೆ ಸಿಪ್ಪೆಯ ಬಣ್ಣ ಇಳಿದು ತಿಳಿ ಗುಲಾಬಿ ಸಾಸ್ ಸಿಗುತ್ತದೆ. ಸಕ್ಕರೆ ಹಾಕದೆಯೇ ಇಡು. ಕೇಕಿಗೆ ಒಂದು ಮೊಟ್ಟೆಯ ಬದಲು ಕಾಲು ಕಪ್ ಈ ಸಾಸ್ ಹಾಕಬಹುದು. ಮೊಟ್ಟೆ ತಿನ್ನದ ಮನೆಗಳಲ್ಲಿ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಕಂಡಿಲ್ಲ. ಕೇಕ್ ಸ್ವಲ್ಪ ಒತ್ತಾಗಿ ಬರುತ್ತದೆ, ಆದರೆ ಎರಡನೇ ದಿನಕ್ಕೂ ಮೆತ್ತಗಿರುತ್ತದೆ. ಸಾಸ್ ಅನ್ನೇ ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಬಾಡಿಸಿದರೆ ಕಂದು ಬಣ್ಣಕ್ಕೆ ತಿರುಗಿ ಆಪಲ್ ಬಟರ್ ಆಗುತ್ತದೆ. ಹೆಸರಲ್ಲಿ ಬೆಣ್ಣೆ ಇದ್ದರೂ ಅದರಲ್ಲಿ ಬೆಣ್ಣೆ ಹಾಕುವುದಿಲ್ಲ. ಬಿಸಿ ಚಪಾತಿಗೆ ಸವರಿ ತಿಂದು ನೋಡು.

ಪೈಗೆ ತೆಗೆದ ಸಿಪ್ಪೆ ಎಸೆಯಬೇಡ. ತೊಳೆದ ಹಣ್ಣಿನದ್ದಾದರೆ ಹೀರೇಕಾಯಿ ಸಿಪ್ಪೆಗೆ ಮಾಡುವ ಹಾಗೇ, ಎಣ್ಣೆಯಲ್ಲಿ ಹುರಿದು, ಉದ್ದಿನಬೇಳೆ, ಒಣಮೆಣಸು, ಇಂಗು, ಕಾಯಿ ಸೇರಿಸಿ ಚಟ್ನಿ ರುಬ್ಬಿ. ಹುಣಸೆ ತೀರಾ ಸ್ವಲ್ಪ ಸಾಕು.

ಅಮ್ಮ ಬಂದಿದ್ದಾರೆ ಅಂದೆಯಲ್ಲ, ಅವರ ಕೈಗೂ ಒಂದಷ್ಟು ಕೊಡು. ಇಲ್ಲಿ ಮಾವಿನಕಾಯಿ ಸಿಗದ ಕಾಲಕ್ಕೆ ನಮ್ಮವರು ಹಸಿರು ಗ್ರ್ಯಾನಿ ಸ್ಮಿತ್ ತುರಿದು ಚಿತ್ರಾನ್ನ ಮಾಡುತ್ತಾರೆ. ಸಣ್ಣಗೆ ಹೆಚ್ಚಿ ಉಪ್ಪು, ಖಾರದ ಪುಡಿ, ಸಾಸಿವೆ ಮೆಂತ್ಯದ ಪುಡಿ ಬೆರೆಸಿ, ಇಂಗಿನ ಒಗ್ಗರಣೆ ಕೊಟ್ಟು ದಿಢೀರ್ ಉಪ್ಪಿನಕಾಯಿಯನ್ನೂ ಮಾಡುತ್ತಾರೆ. ಅದು ಫ್ರಿಜ್‌ನಲ್ಲಿ ಕೆಲವು ದಿನ ಮಾತ್ರ, ವರ್ಷದ ಉಪ್ಪಿನಕಾಯಿ ಅಲ್ಲ. ಅನಾನಸಿನ ಮೆಣಸ್ಕಾಯಿ ಮಾಡಿದ ಕೈ ಅಮ್ಮನದು. ಅದೇ ಎಳ್ಳು, ಉದ್ದಿನಬೇಳೆ, ಒಣಮೆಣಸು ಹುರಿದು, ಕಾಯಿ ಹಾಕಿ ರುಬ್ಬಿ, ಅನಾನಸಿನ ಜಾಗಕ್ಕೆ ಕಾರ್ಟ್‌ಲ್ಯಾಂಡ್‌ನ ದಪ್ಪ ಹೋಳು ಹಾಕಬಹುದು. ಬೆಲ್ಲ ಹುಣಸೆ ಕುದಿದ ಮೇಲೆ, ಕೊನೆಗೆ ಹಾಕಲಿ. ಸೇಬು ಬೇಗ ಬೇಯುತ್ತದೆ. ನವರಾತ್ರಿಗೆ ಕಾರ್ಟ್‌ಲ್ಯಾಂಡನ್ನೇ ಹೆಸರುಬೇಳೆ ಕೋಸಂಬರಿಗೂ ಹಾಕಿ. ಕಪ್ಪಾಗದ ಗುಣ ಅಲ್ಲಿ ಚೆನ್ನಾಗಿ ಒದಗುತ್ತದೆ.

ಉಳಿದ ಹಣ್ಣನ್ನು ಅಡುಗೆಮನೆಯ ಕಟ್ಟೆ ಮೇಲೆ ಇಡಬೇಡ, ಫ್ರಿಜ್‌ನಲ್ಲಿಡು. ಸೊಪ್ಪು ತರಕಾರಿಯಿಂದ ದೂರ ಇರಲಿ. ಸೇಬು ಬಿಡುವ ಎಥಿಲೀನ್ ಅನಿಲಕ್ಕೆ ಸೊಪ್ಪು ಬೇಗ ಹಳದಿಯಾಗುತ್ತದೆ. ಪೆಟ್ಟು ಬಿದ್ದ ಹಣ್ಣನ್ನು ಮೊದಲು ಆರಿಸಿ ಸಾಸ್‌ಗೆ ಹಾಕು. ಮ್ಯಾಕಿಂಟಾಶ್ ಜಾಸ್ತಿ ದಿನ ತಡೆಯುವುದಿಲ್ಲ, ಅದರಿಂದಲೇ ಶುರು ಮಾಡು.

ಈಗ ನಾರ್ದರ್ನ್ ಸ್ಪೈ. ನಮ್ಮ ಕಡೆಯೇ, ಈಸ್ಟ್ ಬ್ಲೂಮ್‌ಫೀಲ್ಡ್‌ನಲ್ಲಿ 1800ರ ಸುಮಾರಿಗೆ ಹುಟ್ಟಿದ ತಳಿ. ಮರ ಫಲ ಕೊಡಲು ವರ್ಷಗಟ್ಟಲೆ ಕಾಯಿಸುತ್ತದೆ. ಹಾಗಾಗಿ ಹೊಸ ತೋಟಗಳಲ್ಲಿ ನೆಡುವವರು ಕಡಿಮೆ. ಹುಳಿ, ಗಟ್ಟಿತನ, ಪರಿಮಳ ಮೂರೂ ಒಂದೇ ಹಣ್ಣಿನಲ್ಲಿ ಬೇಕು ಅಂದರೆ ನನಗೆ ಇದನ್ನು ಬಿಟ್ಟು ಬೇರೆ ಇಲ್ಲ. ಅಕ್ಟೋಬರ್ ಕೊನೆಗೆ ಬರುತ್ತದೆ. ನಿಮ್ಮ ಕಡೆಯ ತೋಟಗಳಲ್ಲೂ ವಿಚಾರಿಸು, ಹಳೆಯ ಮರ ಇಟ್ಟುಕೊಂಡವರು ಇರುತ್ತಾರೆ. ಕೀಳುವಾಗ ಎಳೆಯಬೇಡ, ಹಣ್ಣನ್ನು ಮೇಲಕ್ಕೆತ್ತಿ ಸ್ವಲ್ಪ ತಿರುಚು. ತೊಟ್ಟಿನ ಬುಡದ ಗಂಟಿನಲ್ಲಿ ಮುಂದಿನ ವರ್ಷದ ಮೊಗ್ಗು ಇರುತ್ತದೆ, ಮಕ್ಕಳಿಗೂ ಹೇಳಿಕೊಡು.

ಅಲ್ಲಿ ಸಿಗದಿದ್ದರೆ ದೀಪಾವಳಿಗೆ ನೀವೆಲ್ಲ ಇಲ್ಲಿಗೇ ಬನ್ನಿ. ಒಂದು ಚೀಲ ಸ್ಪೈ ನಿಮಗಾಗಿ ತೆಗೆದಿಟ್ಟಿರುತ್ತೇನೆ. ಅಮ್ಮನ ಮೆಣಸ್ಕಾಯಿಗೆ ಎಳ್ಳು ಎಷ್ಟು, ಉದ್ದಿನಬೇಳೆ ಎಷ್ಟು ಅಂತ ಕೇಳಿ ಬರೆದು ಕಳಿಸು. ಅವರ ಅಳತೆ ನನಗೆ ಬೇಕು.

ನಿನ್ನ ಗೆಳೆಯ,
ರೋಚೆಸ್ಟರ್‌ನಿಂದ