ನೀನು ಹರಿದಿಟ್ಟ ಸರ್ಟಿಫಿಕೇಟು

ಬಳ್ಳಾರಿ
ಮಂಗಳವಾರ ರಾತ್ರಿ

ಪುಟ್ಟವ್ವಾ,

ನಿನ್ನೆ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹೊರಡುವವರೆಗೂ ನೀನು ನನ್ನ ಮುಖ ನೋಡಲಿಲ್ಲ. ನಿಮ್ಮವ್ವನಿಗೆ ಕೈ ಬೀಸಿದೆ, ತಮ್ಮನಿಗೂ ಬೀಸಿದೆ. ನಾನು ಕಿಟಕಿಯಲ್ಲಿ ನೀರಿನ ಬಾಟಲಿ ಕೊಟ್ಟರೆ ಇಸಕೊಂಡು ಪಕ್ಕಕ್ಕೆ ಇಟ್ಟೆ, ಅಷ್ಟೇ. ಇರಲಿ. ಸಿಟ್ಟು ಬರಬೇಕಾದ್ದೇ. ಫೋನ್ ಮಾಡಿದರೆ ನಾನು ಮತ್ತೆ ದನಿ ಎತ್ತುತ್ತೇನೆ. ಅದಕ್ಕೇ ನಮ್ಮ ಪ್ಯಾಂಟು ಹೊಲಿಯುವ ಯೂನಿಟ್ಟಿನ ಲೆಕ್ಕದ ಪುಸ್ತಕದ ಹಾಳೆ ಹರಿದು ಬರೆಯುತ್ತಿದ್ದೇನೆ. ಇದರ ಫೋಟೊ ನಿನ್ನ ತಮ್ಮ ತೆಗೆದು ವಾಟ್ಸಾಪ್‌ಗೆ ಹಾಕುತ್ತಾನೆ. ಗುರುವಾರ ಇಂಟರ್‌ವ್ಯೂಗೆ ಒಳಗೆ ಹೋಗುವ ಮುಂಚೆ ಓದು. ಅಕ್ಷರ ತಿಳಿಯದಿದ್ದರೆ ಅವನನ್ನೇ ಕೇಳು.

ಭಾನುವಾರದ್ದನ್ನೆಲ್ಲ ಮತ್ತೆ ಬರೆಯುವುದಿಲ್ಲ. ನೀನು ಒಂದು ದಿನವೂ ಕಾಲಿಡದ ಆಫೀಸಿನ ಎರಡು ತಿಂಗಳ ಇಂಟರ್ನ್‌ಶಿಪ್ ಸರ್ಟಿಫಿಕೇಟು, ಪರಿಚಯದವರ ಸೀಲು, ನಾನು ಅವರಿಗೆ ಕೊಟ್ಟ ಸ್ವೀಟ್ ಬಾಕ್ಸು. ನೀನು ನಾಲ್ಕು ತುಂಡು ಮಾಡಿ ಟೀವಿ ಮೇಲೆ ಇಟ್ಟೆ. ನಾನು "ಎಲ್ಲರೂ ಮಾಡುತ್ತಾರೆ" ಅಂದೆ. ಆ ಮಾತು ವಾಪಸ್ ತಗೊಂಡೆ. ಇನ್ನೊಂದು ಮಾತೂ ಅಂದೆ, "ಅದು ಬಿಟ್ಟರೆ ತೋರಿಸೋಕೆ ನಿನ್ನ ಹತ್ತಿರ ಏನಿದೆ" ಅಂತ. ಅದರ ಬಗ್ಗೆ ಆಮೇಲೆ ಬರೆಯುತ್ತೇನೆ. ಬರೆಯೋಕೆ ಸ್ವಲ್ಪ ಧೈರ್ಯ ಬೇಕು.

ಫೀಡ್ ಆಫ್ ಹುಡುಗನ ಕಥೆ ನಿನಗೆ ಹೇಳಿದ್ದೇನಾ? ಇಲ್ಲ ಅನ್ನಿಸುತ್ತದೆ. ನಿಮ್ಮವ್ವನಿಗೂ ಹೇಳಿಲ್ಲ.

ನಮ್ಮಲ್ಲಿ ಟೈಲರ್ ಕೆಲಸಕ್ಕೆ ಬಂದವರನ್ನು ಜಾಸ್ತಿ ಏನೂ ಕೇಳುವುದಿಲ್ಲ. ಟ್ರಯಲ್ ಕೊಡುತ್ತೇವೆ. ಮಶೀನಿನ ಮೇಲೆ ಕೂರಿಸಿ ಹತ್ತು ಪೀಸ್ ಮುಂದೆ ಇಟ್ಟರೆ ಎರಡನೇ ಪೀಸಿಗೇ ಆಳು ಗೊತ್ತಾಗುತ್ತಾನೆ. ಈ ಹುಡುಗ ಸಿರುಗುಪ್ಪ ಕಡೆಯವನು. ಮೀಸೆ ಈಗಷ್ಟೇ ಬರುತ್ತಿತ್ತು. ಕೈಯಲ್ಲಿ ಒಂದು ಲೆಟರು, ಮೂರು ವರ್ಷ ಫೀಡ್ ಆಫ್ ಆಪರೇಟರ್ ಅಂತ, ಸೀಲು ಸಹಿ ಎಲ್ಲ ಇತ್ತು. ಫೀಡ್ ಆಫ್ ಅಂದರೆ ಪ್ಯಾಂಟಿನ ಕಾಲು ಉದ್ದಕ್ಕೂ ಜೋಡಿಸುವ ಮಶೀನು, ನೀನು ನೋಡಿದ್ದೀ. ತೋಳಿನಂಥ ಕಬ್ಬಿಣದ ಸುತ್ತ ಬಟ್ಟೆ ಸುತ್ತಿಕೊಂಡು ಹೋಗುತ್ತದೆ. ಮೇಲೆ ಸೂಜಿಗಳು, ಕೆಳಗೆ ದಾರದ ಕುಣಿಕೆ ಹಾಕುವ ಲೂಪರು. ಅದಕ್ಕೆ ದಾರ ಪೋಣಿಸುವುದೇ ಒಂದು ವಿದ್ಯೆ. ನಾನು ಬೇಕಂತಲೇ ದಾರ ಕಿತ್ತು ಕೊಟ್ಟೆ. ಅವನು ಹತ್ತು ನಿಮಿಷ ಪೋಣಿಸಿದ. ಮೇಲಿನ ದಾರ ಹೇಗೋ ಆಯಿತು, ಲೂಪರ್ ಗೊತ್ತಾಗಲಿಲ್ಲ. ಬೆವರು ಕೋನ್ ಮೇಲೆ ಬೀಳುತ್ತಿತ್ತು. ಒಂದು ಸಲವೂ ತಲೆ ಎತ್ತಿ "ಸಾರ್, ಬರೋದಿಲ್ಲ" ಅನ್ನಲಿಲ್ಲ. ನಾನೂ ಸುಮ್ನೆ ನೋಡುತ್ತಾ ನಿಂತೆ. ಕಡೆಗೆ "ಹೋಗಿ ಬಾರಪ್ಪಾ" ಅಂದೆ.

ಆರು ತಿಂಗಳ ಮೇಲೆ ಕೌಲ್ ಬಜಾರಿನ ಇನ್ನೊಂದು ಯೂನಿಟ್ಟಿಗೆ ಹೋಗಿದ್ದೆ. ಅದೇ ಹುಡುಗ ಸಿಂಗಲ್ ನೀಡಲ್, ಅಂದರೆ ಒಂದೇ ಸೂಜಿಯ ಮಶೀನಿನ ಮೇಲೆ ಮುಂದಿನ ಜೇಬು ಹಚ್ಚುತ್ತಿದ್ದ. ಎಂಥ ಕೈ ಅಂತೀ! ಸ್ಕೇಲ್ ಇಟ್ಟು ಎಳೆದ ಹಾಗೆ ಹೊಲಿಗೆ. ಅವನು ಟ್ರಯಲ್‌ಗೆ ಬಂದ ದಿನ ನನಗೆ ಸಿಂಗಲ್ ನೀಡಲ್‌ಗೆ ಇಬ್ಬರು ಬೇಕಾಗಿದ್ದರು, ಪುಟ್ಟವ್ವಾ. ಆ ಕಾಗದದಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದರೆ ಅವತ್ತೇ ಕೆಲಸ.

ಈ ಕಥೆ ಇನ್ನೂ ಮುಗಿದಿಲ್ಲ. ಮೊದಲು ಬೇರೆ ವಿಷಯ.

ಇವತ್ತು ಮಧ್ಯಾಹ್ನ ಊಟ ಬಿಟ್ಟು ನಿಮ್ಮ ದೊಡ್ಡಪ್ಪನ ಮಗನಿಗೆ ಫೋನ್ ಮಾಡಿದ್ದೆ. ನಿನಗೆ ಹೇಳಬೇಡ ಅಂದಿದ್ದೆ, ಈಗ ನಾನೇ ಹೇಳುತ್ತಿದ್ದೇನೆ. ಅವನ ಕೆಲಸವೇ ರೆಸ್ಯೂಮೆ ನೋಡುವುದಲ್ವಾ. ಮುಕ್ಕಾಲು ಗಂಟೆ ಮಾತಾಡಿದ. ಒಂದು ರೆಸ್ಯೂಮೆ ಮೊದಲ ಸಲ ಎಷ್ಟು ಹೊತ್ತು ನೋಡುತ್ತೀಯಪ್ಪಾ ಅಂದರೆ ನಕ್ಕ. ಅಮೆರಿಕದಲ್ಲಿ ಲ್ಯಾಡರ್ಸ್ ಅನ್ನುವ ಕಂಪನಿ ನೇಮಕಾತಿ ಮಾಡುವವರ ಕಣ್ಣು ಎಲ್ಲೆಲ್ಲಿ ಓಡುತ್ತದೆ ಅಂತ ಯಂತ್ರ ಇಟ್ಟು ಅಳೆದಿತ್ತಂತೆ. 2018ರಲ್ಲಿ ಸರಾಸರಿ 7.4 ಸೆಕೆಂಡು ಬಂತಂತೆ. ನಾನು ಒಂದು ಪ್ಯಾಂಟು ತಿರುಗಿಸಿ ನೋಡಲಿಕ್ಕೇ ಅದಕ್ಕಿಂತ ಜಾಸ್ತಿ ಹೊತ್ತು ತಗೊಳ್ಳುತ್ತೇನೆ!

ನಿನ್ನ ರೆಸ್ಯೂಮೆ ಎರಡೂವರೆ ಪುಟ ಇದೆ. ಮೊದಲ ಅರ್ಧ ಪುಟದಲ್ಲಿ ಏನಿದೆ ನೋಡು. ಕಷ್ಟಪಟ್ಟು ದುಡಿಯುವವಳು, ಬೇಗ ಕಲಿಯುವವಳು, ಎಲ್ಲರೊಂದಿಗೆ ಹೊಂದಿಕೊಳ್ಳುವವಳು. ನಿಮ್ಮ ಕ್ಲಾಸಿನ ಅಷ್ಟೂ ಜನ ಅದನ್ನೇ ಬರೆದಿದ್ದಾರೆ, ಒಬ್ಬರದ್ದನ್ನು ನೋಡಿ ಇನ್ನೊಬ್ಬರು. "ಚಿಕ್ಕಪ್ಪಾ, ಅದನ್ನು ಯಾರೂ ಓದೋದಿಲ್ಲ" ಅಂದ. ಕಾಮರ್ಸ್ ಓದಿದ ಹುಡುಗಿಗೆ ಒಂದು ಪುಟ ಸಾಕು. ಫೋಟೊ ಬೇಡ, ಅಪ್ಪನ ಹೆಸರು, ಜಾತಿ, ಮದುವೆ ಆಗಿದೆಯೋ ಇಲ್ಲವೋ, ಇವೆಲ್ಲ ಕಂಪನಿಗೆ ಯಾಕೆ. ಬಣ್ಣದ ಚೌಕ, ಟೇಬಲ್ಲು ಹಾಕಬೇಡ, ಎಷ್ಟೋ ಕಡೆ ಮೊದಲು ಕಂಪ್ಯೂಟರ್ ಓದುತ್ತದೆ, ಅದಕ್ಕೆ ಗಲಿಬಿಲಿ ಆಗುತ್ತದೆ. ಮೇಲ್ ಐಡಿ ಬದಲಾಯಿಸು. ಪಿಯುಸಿಯಲ್ಲಿ ಗೆಳತಿಯರು ಸೇರಿ ಮಾಡಿದ್ದು ಅದು, ಚೆನ್ನಾಗೇ ಇದೆ, ಆದರೆ ಬದಲಾಯಿಸು. ಸ್ಪೆಲ್ಲಿಂಗು ಇನ್ನೊಬ್ಬರಿಂದ ಓದಿಸು. ಮ್ಯಾನೇಜ್‌ಮೆಂಟ್ ಅನ್ನುವುದರಲ್ಲೇ ಒಂದು ಅಕ್ಷರ ಬಿಟ್ಟಿದ್ದೀ.

ನೋಡು, ಭಾಷಣ ಶುರುವಾಯಿತು. ಬೇಡ ಅಂದುಕೊಂಡೇ ಕೂತಿದ್ದೆ.

ಇನ್ನೊಂದು ಮಾತು ಅವನು ಹೇಳಿದ್ದು ಬರೆದುಕೊಂಡಿದ್ದೇನೆ. ನೇಸ್ ಅಂತ ಅಮೆರಿಕದಲ್ಲೇ ಒಂದು ಸಂಘ, ಕಾಲೇಜಿನ ಪ್ಲೇಸ್‌ಮೆಂಟಿನವರು, ಕಂಪನಿಯವರು ಸೇರಿದ್ದು. ಹೊಸಬರ ರೆಸ್ಯೂಮೆಯಲ್ಲಿ ಏನು ಹುಡುಕುತ್ತೀರಿ ಅಂತ ಕಂಪನಿಗಳನ್ನು ಕೇಳುತ್ತಾರೆ. 2025ರ ವರದಿಯಲ್ಲಿ ಹತ್ತಿರ ಹತ್ತಿರ 90% ಕಂಪನಿಗಳು ಸಮಸ್ಯೆ ಬಿಡಿಸಿದ ಗುರುತು ಬೇಕು ಅಂದಿವೆ. 80%ರ ಹತ್ತಿರ ನಾಲ್ಕು ಜನರ ಜೊತೆ ಕೆಲಸ ಮಾಡಿದ ಗುರುತು. ಗುರುತು ಅನ್ನೋ ಮಾತು ನೋಡು. "ಬಿಡಿಸಬಲ್ಲೆ" ಅಂತ ಬರೆದರೆ ಅದು ಗುರುತಲ್ಲ, ಬಿಡಿಸಿದ್ದನ್ನು ಬರೆಯಬೇಕು. ನಮ್ಮ ಟ್ರಯಲ್ ಇದ್ದ ಹಾಗೇ ಅಲ್ವಾ? ಮಾರ್ಕ್ಸ್ ನೋಡಿ ಸೋಸುವ ಕಂಪನಿಗಳು ಅಲ್ಲಿ 2019ರಲ್ಲಿ ಸುಮಾರು 73% ಇದ್ದವು, 2023ರ ವರದಿಗೆ 37%ಕ್ಕೆ ಇಳಿದವಂತೆ. ಅದು ಅಲ್ಲಿಯ ಮಾತು. ಇಲ್ಲಿ ಹತ್ತನೇ ಕ್ಲಾಸು, ಪಿಯುಸಿ, ಡಿಗ್ರಿ ಮೂರರಲ್ಲೂ 60% ಇರಬೇಕು ಅನ್ನುವ ಕಂಪನಿಗಳು ಇನ್ನೂ ಇವೆ. ನಿನಗೆ ಪಿಯುಸಿಯಲ್ಲಿ 58 ಬಂತು. ಆ ವರ್ಷ ಅಜ್ಜಿಯನ್ನು ಆಸ್ಪತ್ರೆಯಲ್ಲಿ ನೋಡಿಕೊಂಡವಳು ನೀನೇ. ಕೇಳಿದರೆ ಒಂದು ವಾಕ್ಯದಲ್ಲಿ ಹೇಳು, ಮುಂದಿನ ಮಾತಿಗೆ ಹೋಗು. 60 ಅಂತ ಬರೆಯಬೇಡ. ಬರೆಯೋದಿಲ್ಲ, ಗೊತ್ತು. ಬರೆಸೋದು ನಾನು!

ಸುಳ್ಳು ಸರ್ಟಿಫಿಕೇಟಿನ ವಿಷಯವೂ ಕೇಳಿದೆ, ಬೇರೆ ಯಾರದೋ ಅನ್ನುವ ಹಾಗೆ. ಸೇರಿದ ಮೇಲೂ ವೆರಿಫಿಕೇಶನ್ ನಡೆಯುತ್ತದಂತೆ. ಕಾಲೇಜಿಗೆ, ಹಳೇ ಆಫೀಸಿಗೆ ಫೋನ್ ಹೋಗುತ್ತದೆ, ಕಾಗದ ಹೋಗುತ್ತದೆ. ಸುಳ್ಳು ಅಂತ ಸಿಕ್ಕರೆ ಕೊಟ್ಟ ಕೆಲಸ ಕಿತ್ತುಕೊಳ್ಳುತ್ತಾರೆ. ಅದಕ್ಕೂ ಮುಂಚೆ ಇಂಟರ್‌ವ್ಯೂನಲ್ಲೇ ಸಿಕ್ಕಿಬೀಳುತ್ತಾರೆ ಅಂದ. ಆ ಎರಡು ತಿಂಗಳಲ್ಲಿ ಏನು ಮಾಡಿದೆ, ಯಾವುದು ಕಷ್ಟ ಆಯಿತು, ಯಾರ ಕೈ ಕೆಳಗೆ ಇದ್ದೆ ಅಂತ ಮೂರು ಪ್ರಶ್ನೆ ಕೇಳಿದರೆ ಸಾಕಂತೆ. ನಾನು ಫೋನ್ ಹಿಡಿದುಕೊಂಡು ಸುಮ್ಮನಾದೆ. ಆ ಹುಡುಗನ ಲೂಪರ್ ಕಣ್ಣ ಮುಂದೆ ಬಂತು. ನೀನು ಆ ಕುರ್ಚಿಯಲ್ಲಿ, ಇಲ್ಲದ ಆಫೀಸಿನ ದಾರ ಪೋಣಿಸುತ್ತಾ.

ಈಗ ಆ ಇನ್ನೊಂದು ಮಾತು. ತೋರಿಸೋಕೆ ಏನಿದೆ ಅಂದೆನಲ್ಲ.

ಕಳೆದ ವರ್ಷ ಬೇಸಿಗೆ ರಜೆಯಲ್ಲಿ ನಮ್ಮ ಯೂನಿಟ್ಟಿನ ಪೀಸ್ ರೇಟ್ ಲೆಕ್ಕವನ್ನೆಲ್ಲ ಪುಸ್ತಕದಿಂದ ಎಕ್ಸೆಲ್‌ಗೆ ಹಾಕಿದವಳು ನೀನು. 38 ಜನರ ಲೆಕ್ಕ. ಆ ಬಿಸಿಲಲ್ಲಿ, ತಗಡಿನ ಶೆಡ್ಡಿನಲ್ಲಿ, ಎರಡು ತಿಂಗಳು. ಆಲ್ಟ್ರೇಶನ್‌ಗೆ ವಾಪಸ್ ಬಂದ ಪೀಸು ಎರಡು ಸಲ ಲೆಕ್ಕಕ್ಕೆ ಬೀಳುತ್ತಿದೆ ಅಂತ ಹಿಡಿದೆ. ದಾರ ಕತ್ತರಿಸುವ ಹೆಂಗಸರಿಗೆ ವಾರಕ್ಕೆ 40-50 ಪೀಸು ಕಡಿಮೆ ಬರೆಯುತ್ತಿದ್ದದ್ದನ್ನೂ ಹಿಡಿದೆ. ಅದು ನಾನು ಬರೆದ ಪುಸ್ತಕ. ವರ್ಷಗಟ್ಟಲೆ ನನ್ನ ಕಣ್ಣಿಗೆ ಬೀಳದ್ದು. ಶನಿವಾರ ಬಟವಾಡೆ ರಾತ್ರಿ ಒಂಬತ್ತಕ್ಕೆ ಮುಗಿಯುತ್ತಿತ್ತು, ಈಗ ಆರಕ್ಕೆ ಮುಗಿಯುತ್ತದೆ. ಹೆಂಗಸರು ಬೆಳಕಿರುವಾಗಲೇ ಮನೆ ಸೇರುತ್ತಾರೆ. ಯಲ್ಲಮ್ಮ ಶೇಂಗಾ ಹೋಳಿಗೆ ಮಾಡಿ ತಂದಿದ್ದು ಅದಕ್ಕೇ. ನಿನಗೆ ಅಂತ ತಂದಿದ್ದಳು, ನನಗಲ್ಲ.

ಇದು ನಿನ್ನ ರೆಸ್ಯೂಮೆಯಲ್ಲಿ ಎಲ್ಲಿದೆ? ಇಲ್ಲ. ಯಾಕೆ ಇಲ್ಲ ಅಂತ ಭಾನುವಾರ ನಾನು ಕೇಳಬೇಕಿತ್ತು. ಕೇಳಲಿಲ್ಲ, ಯಾಕಂದರೆ ಉತ್ತರ ಗೊತ್ತಿತ್ತು. ಮಾಲೀಕರು ಆ ಲೆಕ್ಕ ನೋಡಿ "ಭಾಳ ಚೆನ್ನಾಗಿ ಮಾಡಿದ್ದೀಯಪ್ಪಾ" ಅಂತ ನನ್ನ ಭುಜ ತಟ್ಟಿದಾಗ ನಾನು ತಲೆ ಆಡಿಸಿದೆ. ನೀನು ಬಾಗಿಲಲ್ಲೇ ನಿಂತಿದ್ದೆ. ದೀಪಾವಳಿಗೆ ನನಗೆ ಜಾಸ್ತಿ ಬೋನಸ್ ಬಂದದ್ದೂ ಅದಕ್ಕೇ. ಆ ದುಡ್ಡಲ್ಲಿ ನಿನಗೆ ಚೂಡಿದಾರ್ ತಂದು ನನ್ನ ಮನಸ್ಸಿಗೆ ಸಮಾಧಾನ ಮಾಡಿಕೊಂಡೆ. ನೀನು ಒಂದು ಮಾತೂ ಆಡಲಿಲ್ಲ. ಮಾಡಿದ ಕೆಲಸ ನಾನು ಇಟ್ಟುಕೊಂಡು, ಮಾಡದ ಕೆಲಸದ ಕಾಗದ ತಂದು ನಿನ್ನ ಕೈಗೆ ಕೊಟ್ಟೆ. ತಪ್ಪಾಯಿತು.

ಇವತ್ತು ಸಂಜೆ ಮಾಲೀಕರಿಗೆ ಹೇಳಿದೆ. ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಆಮೇಲೆ "ನನಗೆ ಅವಾಗಲೇ ಡೌಟ್ ಇತ್ತು, ನಿನಗೆ ಮೊಬೈಲ್ ರೀಚಾರ್ಜ್ ಮಾಡೋಕೆ ಬರೋದಿಲ್ಲ" ಅಂದರು. ಬೋನಸ್ ವಾಪಸ್ ಕೇಳಲಿಲ್ಲ. ಲೆಟರ್‌ಹೆಡ್ ಮೇಲೆ ಬರೆದು ಕೊಡುತ್ತಾರೆ, ನಾಳೆ ಬೆಳಿಗ್ಗೆ ತಮ್ಮ ಕಳಿಸುತ್ತಾನೆ. ಇಂಟರ್ನ್‌ಶಿಪ್ ಅನ್ನೋ ಮಾತು ಹಾಕಿಸಿಲ್ಲ. ರಜೆಯಲ್ಲಿ ಲೆಕ್ಕದ ಕೆಲಸ ಮಾಡಿದಳು, ಸಂಬಳ ಇರಲಿಲ್ಲ, ಅಪ್ಪ ಇಲ್ಲೇ ಸೂಪರ್‌ವೈಸರ್. ಅಷ್ಟೂ ಇರಲಿ ಅಂದೆ. ಅಪ್ಪನ ಯೂನಿಟ್ಟಾ ಅಂತ ಕೇಳಿದರೆ ಹೌದು ಅನ್ನು. ಪೀಸಿನ ಲೆಕ್ಕ ಕೇಳಿದರೆ ನಿನ್ನನ್ನು ಯಾರೂ ಹಿಡಿಯಲಾರರು.

ನಿನ್ನ ಬಗ್ಗೆ ಹೇಳು ಅಂದರೆ ಹುಟ್ಟಿದ ಊರು, ಹವ್ಯಾಸ ಅಂತ ಶುರು ಮಾಡಬೇಡ. ಈ ಲೆಕ್ಕದ ಕಥೆಗೆ ಬಾ. ಮೊದಲು ಹೇಗಿತ್ತು, ನಿನ್ನ ಪಾಲಿಗೆ ಏನು ಬಂತು, ನೀನು ಏನು ಮಾಡಿದೆ, ಆಮೇಲೆ ಏನು ಬದಲಾಯಿತು. ಎರಡು ನಿಮಿಷ. ಅಪ್ಪನ ತಪ್ಪು ಅಂತಲೂ ಹೇಳು, ಪರವಾಗಿಲ್ಲ. ಗೊತ್ತಿಲ್ಲದ್ದು ಕೇಳಿದರೆ ಗೊತ್ತಿಲ್ಲ ಅನ್ನು, ಹೇಗೆ ಕಲಿಯುತ್ತೀ ಅಂತ ಹೇಳು. ಕಡೆಗೆ ನಿನಗೇನಾದರೂ ಕೇಳುವುದಿದೆಯಾ ಅಂತಾರೆ, ಆಗ ತಲೆ ಅಲ್ಲಾಡಿಸಬೇಡ. ಮೊದಲ ಮೂರು ತಿಂಗಳು ಯಾರ ಜೊತೆ ಕೂತು ಏನು ಕಲಿಯಬೇಕು ಅಂತ ಕೇಳು. ಇಂಗ್ಲಿಷ್ ನಿಧಾನ ಆದರೂ ಆಗಲಿ. ನಮ್ಮ ಕಡೆಯವರಿಗೆ 371 ಜೆ ಮೀಸಲಾತಿ ಇದೆ ಅಂತ ನಿಮ್ಮ ಮಾವ ಹೇಳುತ್ತಿರುತ್ತಾನಲ್ಲ, ಅದು ಸರ್ಕಾರಿ ಕೆಲಸಕ್ಕೆ, ಕಾಲೇಜ್ ಸೀಟಿಗೆ. ನೀನು ಹೋಗುತ್ತಿರುವ ಕಂಪನಿಯಲ್ಲಿ ಅದೇನೂ ನಡೆಯೋದಿಲ್ಲ. ಊಟ ಮಾಡಿ ಹೋಗು. ಖಾಲಿ ಹೊಟ್ಟೆಯಲ್ಲಿ ನಿನಗೆ ತಲೆ ಸುತ್ತುತ್ತದೆ.

ಆ ಹುಡುಗನ ಕಥೆ ಮುಗಿಸುತ್ತೇನೆ. ಅವನು ಶೆಡ್ಡಿನಿಂದ ಹೊರಗೆ ಹೋದ ಮೇಲೆ ಒಬ್ಬರು ಒಳಗೆ ಬಂದರು. ಬಿಳಿ ಪಂಚೆ, ಹೆಗಲ ಮೇಲೆ ಟವಲ್ಲು. ಅಷ್ಟು ಹೊತ್ತು ಬೇವಿನ ಮರದ ಕೆಳಗೆ ಕಾಯುತ್ತಾ ಕೂತಿದ್ದರು, ನಾನು ನೋಡಿದ್ದೆ, ಯಾರೋ ಅಂದುಕೊಂಡಿದ್ದೆ. "ಸಾರ್, ಆ ಲೆಟರ್ ನಾನೇ ಬರೆಸಿದ್ದು. ಹುಡುಗ ಬೇಡ ಬೇಡ ಅಂದ. ಅವನ ತಪ್ಪಿಲ್ಲ" ಅಂದರು. ನಾನು ಏನಂದೆ ಗೊತ್ತಾ? "ಇಂಥದ್ದೆಲ್ಲ ಅಪ್ಪಂದಿರು ಮಾಡಬಾರದು ರೀ" ಅಂತ ಬುದ್ಧಿ ಹೇಳಿ ಕಳಿಸಿದೆ. ಭಾನುವಾರ ಸ್ವೀಟ್ ಬಾಕ್ಸ್ ಹಿಡಿದು ಆ ಆಫೀಸಿನ ಮೆಟ್ಟಿಲು ಹತ್ತುವಾಗ ಅವರ ನೆನಪೇ ಆಗಲಿಲ್ಲ. ನೀನು ಹರಿದ ಮೇಲೆ ಆಯಿತು.

ಸರ್ಟಿಫಿಕೇಟಿನ ತುಂಡು ನಿಮ್ಮವ್ವ ಕ್ಯಾಲೆಂಡರ್ ಹಿಂದೆ ಸಿಕ್ಕಿಸಿದ್ದಳು, ಅಂಟಿಸಬಹುದೇನೋ ಅಂತ. ತೆಗೆದು ಒಲೆಗೆ ಹಾಕಿದೆ.

ಇನ್ನೊಂದು ವಿಷಯ. ನಿನ್ನ ಎಕ್ಸೆಲ್‌ನಲ್ಲಿ ಈ ವಾರ ಒಟ್ಟು ಮೊತ್ತ ಬರುವ ಜಾಗದಲ್ಲಿ ಬರೀ ಹ್ಯಾಶ್ ಗುರುತು ಬರುತ್ತಿದೆ, ಸಾಲಾಗಿ ಆರೇಳು. ನಾನೇನೂ ಮುಟ್ಟಿಲ್ಲ, ದೇವರಾಣೆ. ಶನಿವಾರ ಬಟವಾಡೆ ಇದೆ. ಗುರುವಾರ ಇಂಟರ್‌ವ್ಯೂ ಮುಗಿದ ಮೇಲೆ, ಸಿಟ್ಟು ಇನ್ನೂ ಇದ್ದರೂ ಪರವಾಗಿಲ್ಲ, ಒಂದು ಫೋನ್ ಮಾಡಿ ಅದನ್ನು ಹೇಗೆ ಸರಿ ಮಾಡೋದು ಹೇಳು.

ನಿನ್ನ ಅಪ್ಪ