ತೊಟ್ಟಿಯನ್ನು ತೊಟ್ಟಿ ಎಂದೇ ಬರೆದುಕೊಳ್ಳಿ: ನಮ್ಮ ಶಾಸಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರಗಳು.

ಎರಡು ವರ್ಷ ಎಂಟು ತಿಂಗಳು ತಾಳ್ಮೆಯಿಂದ ಕಾದೆ. ಅರ್ಜಿ ಕೊಟ್ಟೆ, ಹಿಂಬರಹ ತಂದೆ, ತಿದ್ದಿ ಮತ್ತೆ ಕೊಟ್ಟೆ. ಮೂರು ಸಲ ಹೀಗೇ ಆಯಿತು. ಇನ್ನು ಊರಿಗೆಲ್ಲ ಕಾಣುವ ಹಾಗೆ ಬರೆಯದೆ ಬೇರೆ ದಾರಿ ಉಳಿದಿಲ್ಲ. ನಾನು ಕೇಳುವುದು ಒಂದೇ. ನಮ್ಮ ಮನೆಯ ನಕ್ಷೆಯನ್ನು ತೊಟ್ಟಿ ಸಮೇತ, ಅಂದರೆ ಮನೆ ನಡುವಿನ ಆಕಾಶಕ್ಕೆ ತೆರೆದ ಅಂಗಳದ ಸಮೇತ, ಮಂಜೂರು ಮಾಡಿಸಿಕೊಡಿ.

ನೀವು ತುಮಕೂರು ಜಿಲ್ಲೆಯವರೇ. ತೊಟ್ಟಿ ಮನೆ ಅಂದರೆ ಏನು ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮದೂ ಅಂಥದ್ದೇ ಮನೆ. ಜಗಲಿ ದಾಟಿದರೆ ಪಡಸಾಲೆ, ಪಡಸಾಲೆ ನಡುವೆ ನಾಲ್ಕು ಕಲ್ಲು ಕಂಬ, ಅದರ ಮಧ್ಯೆ ಒಂದು ಮೆಟ್ಟಿಲು ಕೆಳಗೆ ತೊಟ್ಟಿ. ಮೇಲೆ ಅಟ್ಟದ ತುಂಬ ಕೊಬ್ಬರಿ. ಹೆಚ್ಚುಕಡಿಮೆ ಒಂದು ವರ್ಷ ಒಣಗಿ ಸಿಪ್ಪೆಯೊಳಗೇ ಉಂಡೆಯಾಗಿ ಬಿಡುತ್ತಿತ್ತು. ಮಳೆ ಬಂದರೆ ನಾಲ್ಕೂ ಕಡೆಯ ಹೆಂಚಿನಿಂದ ನೀರು ತಗಡಿನ ದೋಣಿಗೆ ಬಿದ್ದು, ದೋಣಿಯಿಂದ ಹಂಡೆಗೆ ಬೀಳುತ್ತಿತ್ತು. ಮೊದಲ ಮಳೆಯ ನೀರನ್ನು ಅಮ್ಮ ಹೊರಗೆ ಬಿಡುತ್ತಿದ್ದರು. ಎರಡನೆಯದಕ್ಕೆ ಹಂಡೆ ತೊಳೆದಿಟ್ಟು, ಬಾಯಿಗೆ ಬಿಳಿ ಪಂಚೆ ಕಟ್ಟುತ್ತಿದ್ದರು. ಬೇಳೆ ಆ ನೀರಲ್ಲೇ ಚೆನ್ನಾಗಿ ಬೇಯುತ್ತದೆ ಅಂತ ಈಗಲೂ ಹೇಳುತ್ತಾರೆ.

ಆ ಮನೆಯ ತೊಲೆಗೆ ಗೆದ್ದಲು ಹಿಡಿಯಿತು. ಒಂದು ಗೋಡೆ ಕುಸಿಯಿತು. ಕೆಡವಿ ಹೊಸದಾಗಿ ಕಟ್ಟೋಣ ಅಂದುಕೊಂಡೆವು. ಆದರೆ ಅಮ್ಮನದು ಒಂದೇ ಹಟ. ತೊಟ್ಟಿ ಇರಬೇಕು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು, ಅಮ್ಮನ ಹಟ ಸರಿಯೇ ಅಂತ ನನಗೂ ಅನಿಸಿತು. ಹಗಲು ಬಿಸಿ ಗಾಳಿ ಮೇಲೆದ್ದು ತೊಟ್ಟಿಯಿಂದ ಆಚೆ ಹೋಗುತ್ತದೆ. ರಾತ್ರಿ ತಣ್ಣನೆ ಗಾಳಿ ಇಳಿದು ಅಲ್ಲೇ ನಿಲ್ಲುತ್ತದೆ. ಮಧ್ಯದ ಕೋಣೆಗೂ ಬೆಳಕು ಬರುತ್ತದೆ, ಹಗಲು ಲೈಟ್ ಹಾಕುವ ಮಾತೇ ಇಲ್ಲ. ಈಗ ನಾವು ಬಾಡಿಗೆಗೆ ಇರುವ ಮನೆಯ ಮೋಲ್ಡ್ ಏಪ್ರಿಲ್‌ನಲ್ಲಿ ರಾತ್ರಿ ಹನ್ನೊಂದಾದರೂ ಕೈ ಇಟ್ಟರೆ ಬೆಚ್ಚಗಿರುತ್ತದೆ. 74 ವರ್ಷದ ಅಮ್ಮ ಒದ್ದೆ ಟವೆಲ್ ಹೊದ್ದು ಬಾಗಿಲ ಹತ್ತಿರ ಮಲಗುತ್ತಾರೆ.

ಹೊಸ ನಕ್ಷೆಯಲ್ಲಿ ಹಳೆಯದೂ ಇದೆ, ಹೊಸದೂ ಇದೆ. 30-50 ಸೈಟು. ನಿಯಮದಂತೆ ಸುತ್ತ ಖಾಲಿ ಜಾಗ (ಸೆಟ್‌ಬ್ಯಾಕ್) ಬಿಟ್ಟಿದ್ದೇವೆ, ಅದರ ಮೇಲೆ ನಡುವೆ 10 ಅಡಿಗೆ 10 ಅಡಿ ತೊಟ್ಟಿ. ಕೋತಿ, ಕಳ್ಳರಿಗೆ ಮೇಲೆ ಗ್ರಿಲ್. ತೊಟ್ಟಿಯ ಕೆಳಗೆ ಸಂಪು, ಅದಕ್ಕೆ ಮುಂಚೆ ಜಲ್ಲಿ, ಮರಳು, ಇದ್ದಿಲಿನ ಫಿಲ್ಟರ್. ಸಾವಿರ ಚದರ ಅಡಿ ಚಾವಣಿಗೆ ವರ್ಷಕ್ಕೆ 600 ಮಿಲಿಮೀಟರ್ ಮಳೆ ಬಿದ್ದರೂ 55,000 ಲೀಟರ್ ನೀರಾಗುತ್ತದೆ. ಸೋರಿ, ಆವಿಯಾಗಿ ಸ್ವಲ್ಪ ಹೋಗಲಿ. 4,000 ಲೀಟರಿನ ಟ್ಯಾಂಕರ್ ಲೆಕ್ಕ ಹಾಕಿದರೆ ಹತ್ತು ಟ್ಯಾಂಕರಿಗೆ ಮೋಸವಿಲ್ಲ. ಬೇಸಿಗೆಯಲ್ಲಿ ಟ್ಯಾಂಕರ್ ಮುಂದೆ ಕೊಡ ಹಿಡಿದು ನಿಲ್ಲುವ ಊರಲ್ಲಿ ಇದು ಸಣ್ಣದಲ್ಲ. ದಕ್ಷಿಣದ ಇಳಿಜಾರು ಚಾವಣಿಗೆ ಸೋಲಾರ್ ಹಾಕಿಸುತ್ತೇವೆ, 3 ಕಿಲೋವ್ಯಾಟಿಗೆ ಕೇಂದ್ರ ಸರ್ಕಾರವೇ 78,000 ರೂಪಾಯಿ ಸಬ್ಸಿಡಿ ಕೊಡುತ್ತಿದೆ. ಗೋಡೆಗೆ ಸುಡದ ಮಣ್ಣಿನ ಇಟ್ಟಿಗೆ. ಪಾಯ ತೆಗೆದ ಮಣ್ಣಿಗೇ ಮರಳು ಮತ್ತು ನೂರಕ್ಕೆ ಏಳೆಂಟು ಭಾಗ ಸಿಮೆಂಟ್ ಬೆರೆಸಿ, ಪ್ರೆಸ್‌ನಲ್ಲಿ ಒತ್ತಿ, ಮೂರು ವಾರ ನೀರು ಚಿಮುಕಿಸಿದರೆ ಆಯಿತು. ಭಟ್ಟಿಯೂ ಬೇಡ, ಸೌದೆಯೂ ಬೇಡ.

ಇಲ್ಲಿಂದ ನಮ್ಮ ಗೋಳು ಶುರು.

ಕಳೆದ ಜುಲೈನಲ್ಲಿ ನಕ್ಷೆ ಮಂಜೂರು ಮಾಡುವ ಕಚೇರಿಯಿಂದ ಒಬ್ಬರು ಸ್ಥಳ ನೋಡಲು ಬಂದರು. ಮಾದರಿಗೆ ಅಂತ ಮಾಡಿಸಿದ್ದ ಒಂದು ಇಟ್ಟಿಗೆಯನ್ನು ನಾನು ಹಿಂದಿನ ರಾತ್ರಿಯೇ ಬಕೆಟ್ ನೀರಲ್ಲಿ ಮುಳುಗಿಸಿಟ್ಟಿದ್ದೆ. ಅವರ ಎದುರಿಗೇ ತೆಗೆದೆ. ನೀರು ತಿಳಿಯಾಗಿಯೇ ಇತ್ತು. ಅವರು ಬೈಕಿನ ಕೀಲಿಯಿಂದ ಕುಟ್ಟಿದರು, ಮೂಲೆ ಕೆರೆದು ನೋಡಿದರು. ‘ಗಟ್ಟಿಯಾಗೇ ಇದೆಯಲ್ಲ ಮೇಡಂ’ ಅಂದರು. ಅಮ್ಮ ಕಾಫಿ ಕೊಟ್ಟರು, ಕುಡಿದರು. ಒಂಬತ್ತು ದಿನಕ್ಕೆ ಹಿಂಬರಹ ಬಂತು. ಅದರಲ್ಲಿ ‘ಕಚ್ಚಾ ಗೋಡೆ’ ಅಂತ ಬರೆದಿತ್ತು. ನಕ್ಷೆಯಲ್ಲಿ ತೊಟ್ಟಿಯ ಮೇಲೆ ಕೆಂಪು ಪೆನ್ನಿನಿಂದ ಅಡ್ಡ ಗೀಟು. ಪಕ್ಕದಲ್ಲಿ, ‘ಮಧ್ಯ ಭಾಗಕ್ಕೆ ಮೋಲ್ಡ್ ತೋರಿಸಿ.’

ಕೇಳಲು ಹೋದೆ. ಕಂಪ್ಯೂಟರಿನಲ್ಲಿ ಅದಕ್ಕೆ ಕಾಲಂ ಇಲ್ಲ ಅಂದರು. ‘ಮಳೆ ಒಳಗೆ ಬರಲಿ ಅಂತ ಯಾರಾದ್ರೂ ಮನೆ ಕಟ್ತಾರಾ?’ ಅಂತ ಇನ್ನೊಬ್ಬರು ನಕ್ಕರು. ಅಮ್ಮ ನನ್ನ ಪಕ್ಕದಲ್ಲೇ ನಿಂತಿದ್ದರು. ಆ ನಗು ನನಗೆ ಇನ್ನೂ ಮರೆತಿಲ್ಲ. ಹೊರಗೆ ಬಂದ ಮೇಲೆ ಒಬ್ಬರು ಮೆಲ್ಲಗೆ ಉಪಾಯ ಹೇಳಿದರು. ನಕ್ಷೆಯಲ್ಲಿ ಮುಚ್ಚಿ ತೋರಿಸಿ, ಕಟ್ಟುವಾಗ ಬಿಟ್ಟುಕೊಳ್ಳಿ, ಎಲ್ಲರೂ ಹಾಗೇ ಮಾಡುವುದು.

ಸ್ವಾಮಿ, ನಾನು ಯಾಕೆ ಸುಳ್ಳು ನಕ್ಷೆಗೆ ಸಹಿ ಹಾಕಬೇಕು? ನಾಳೆ ನಕ್ಷೆ ಉಲ್ಲಂಘನೆ ಅಂತ ನೋಟಿಸ್ ಬಂದರೆ ಯಾರು ಹೊಣೆ? ಜಾಗ ಒತ್ತುವರಿ ಮಾಡಿಲ್ಲ, ಒಂದಡಿ ಜಾಸ್ತಿ ಕಟ್ಟುತ್ತಿಲ್ಲ. ನೂರು ಚದರ ಅಡಿ ಆಕಾಶಕ್ಕೆ ಬಿಡುತ್ತೇವೆ ಅನ್ನುತ್ತಿದ್ದೇವೆ, ಅಷ್ಟೇ ಅಲ್ವಾ?

ನಿಯಮ ನಿಮಗೆ ಗೊತ್ತೇ ಇರುತ್ತದೆ. ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಒಳ ಅಂಗಳಕ್ಕೆ ಜಾಗವಿದೆ, ಅಗಲ ಕನಿಷ್ಠ 3 ಮೀಟರ್ ಇರಬೇಕು ಅನ್ನುತ್ತದೆ. ನಮ್ಮ ಹತ್ತಡಿ ಅದಕ್ಕಿಂತ ಜಾಸ್ತಿಯೇ. ಮಣ್ಣಿನ ಇಟ್ಟಿಗೆಗೆ ಐಎಸ್ 1725 ಅನ್ನುವ ಮಾನದಂಡವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ, ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನ ರೂಪಿಸುವ ‘ಅಸ್ತ್ರ’ ಎಂಬ ಘಟಕ ಈ ಇಟ್ಟಿಗೆಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ಅದರ ಗ್ರಾಮೀಣ ಕೇಂದ್ರ ಇದ್ದದ್ದು ನಮ್ಮದೇ ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ. ಅವರೇ ರೂಪಿಸಿದ, ಕಡಿಮೆ ಸೌದೆ ಸಾಕಾಗುವ ಅಸ್ತ್ರ ಒಲೆ ಅಂದರೆ ಅಮ್ಮನಿಗೂ ಗೊತ್ತು. ಇದೇ ಜಿಲ್ಲೆಯಲ್ಲಿ ಅದೇ ಇಟ್ಟಿಗೆಯನ್ನು ಕಚ್ಚಾ ಅಂತ ಬರೆದು ವಾಪಸ್ ಕಳಿಸುತ್ತಾರೆ. ಹೊಟ್ಟೆ ಉರಿಯುತ್ತದೆ.

ತಿಂಗಳಿಗೆ 7,000 ಬಾಡಿಗೆ ಕಟ್ಟುತ್ತಿದ್ದೇನೆ. ಮಂಜೂರಾದ ನಕ್ಷೆ ಇಲ್ಲದೆ ಬ್ಯಾಂಕಿನವರು ಸಾಲದ ಮಾತೇ ಎತ್ತುತ್ತಿಲ್ಲ. ಬಿಚ್ಚಿಟ್ಟ ನಾಲ್ಕು ಕಲ್ಲು ಕಂಬ ಸೈಟಿನಲ್ಲಿ ಪಾರ್ಥೇನಿಯಂ ಗಿಡದ ನಡುವೆ ಬಿದ್ದಿವೆ. ಗೆದ್ದಲು ಮುಟ್ಟದೆ ಉಳಿದಿದ್ದ ಹಲಸಿನ ಬಾಗಿಲು ಎರಡು ಮಳೆಗಾಲ ನೆನೆದು ಬಿರುಕು ಬಿಟ್ಟಿದೆ. ಅಮ್ಮ ಈಗ ಸೈಟಿನ ಕಡೆ ಬರುವುದಿಲ್ಲ.

ನಿಮ್ಮ ಮನೆಗೆ ಎರಡು ಸಲ ಬಂದಿದ್ದೆ. ‘ನೋಡೋಣ’ ಅಂದಿರಿ. ದಯವಿಟ್ಟು ಈ ಸಲ ನೋಡಿ. ಅರ್ಜಿಯನ್ನು ಗೊತ್ತಾದ ದಿನಗಳೊಳಗೆ ಮುಗಿಸಬೇಕೆನ್ನುವ ‘ಸಕಾಲ’ ಯೋಜನೆಯ ಗಡುವು ಎಷ್ಟು ದಿನ ಅಂತ ಆ ಕಚೇರಿಯ ಗೋಡೆಯ ಮೇಲೆ ಬೋರ್ಡ್ ಇದೆ. ನಮ್ಮ ಫೈಲು ಅದೇ ಬೋರ್ಡಿನ ಕೆಳಗಿನ ಬೀರುವಿನಲ್ಲಿದೆ. ತರಿಸಿ, ಬಿಚ್ಚಿ, ಆ ಕೆಂಪು ಗೀಟು ನೋಡಿ. ನಕ್ಷೆಯನ್ನು ತೊಟ್ಟಿ ಸಮೇತ, ಮಣ್ಣಿನ ಗೋಡೆ ಸಮೇತ ಮಂಜೂರು ಮಾಡಿಸಿ. ಆಗದು ಅಂದರೆ ಯಾವ ನಿಯಮದ ಯಾವ ಕಲಂ ಪ್ರಕಾರ ಆಗದು ಅಂತ ಬರವಣಿಗೆಯಲ್ಲಿ ಕೊಡಿಸಿ.

ಯುಗಾದಿಗೆ ಪಾಯ ಹಾಕಿಸಿದರೆ ಮುಂದಿನ ಮಳೆಗಾಲಕ್ಕೆ ಚಾವಣಿ ಏರುತ್ತದೆ ಅಂತ ಮೇಸ್ತ್ರಿ ಹೇಳಿದ್ದಾರೆ. ಅಮ್ಮನ ಹಂಡೆ ಪಕ್ಕದ ಮನೆಯವರ ಹಿತ್ತಲಲ್ಲಿ ಬೋರಲು ಹಾಕಿಟ್ಟಿದ್ದೇವೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರಳು
ತುಮಕೂರು ಜಿಲ್ಲೆ