ಭಾನುವಾರದ ಇಂಗ್ಲಿಷ್ ಅಭ್ಯಾಸಕ್ಕೆ ಬರುವವರ ಗಮನಕ್ಕೆ

ಗೆಳೆಯರೇ, ಈ ಭಾನುವಾರವೂ ಬೆಳಿಗ್ಗೆ 10ಕ್ಕೆ ಪಿ.ಜೆ. ಬಡಾವಣೆಯ ನಮ್ಮ ಮನೆಯ ಮಹಡಿಯಲ್ಲೇ ಸೇರೋಣ. ಕಳೆದ ವಾರ ನೀವು ಬರೆದುಕೊಟ್ಟ ಹಾಳೆಗಳನ್ನು ನೋಡಿದೆ. ಹೆಚ್ಚಿನವರು ಎಡವಿದ್ದು ಒಂದೇ ಕಡೆ: ವಾಕ್ಯ ಮುಗಿಯುವ ಮೊದಲೇ ಪೂರ್ಣವಿರಾಮ.

ತಪ್ಪು ನಿಮ್ಮದಲ್ಲ, ಕನ್ನಡದ ಔದಾರ್ಯದ್ದು. ‘ದೋಸೆ ಬಿಸಿ’ ಎಂದರೆ ನಮಗೆ ಮಾತು ಮುಗಿಯಿತು. ಇಂಗ್ಲಿಷಿಗೆ ನಡುವೆ ‘ಈಸ್’ ಬೇಕೇ ಬೇಕು. ‘ಬಂದೆ’ ಎಂಬಲ್ಲಿ ‘ನಾನು’ ಕ್ರಿಯಾಪದದ ಬಾಲದಲ್ಲೇ ಕುಳಿತಿದೆ. ಬರೀ ‘ಕೇಮ್’ ಎಂದರೆ ಬಂದವರು ಯಾರೆಂದು ತಿಳಿಯದು. ಮಳೆ ಬಂದರೂ ‘ಇಟ್’ ಎಂಬ ಬಾಡಿಗೆ ಕರ್ತೃವನ್ನು ತಂದು ಕೂರಿಸುತ್ತಾರೆ! ಇಷ್ಟೆಲ್ಲ ಕಟ್ಟುನಿಟ್ಟಿದ್ದೂ ‘ಗೋ’ ಎಂಬ ಒಂದೇ ಪದ ಪೂರ್ಣ ವಾಕ್ಯ; ಆಜ್ಞೆಯಲ್ಲಿ ‘ಯೂ’ ಅಡಗಿರುತ್ತದೆ.

ನನ್ನನ್ನು ಕಾಡಿದ್ದು ‘ಬಿಕಾಸ್’. ‘ಬಿಕಾಸ್ ದ ಬಸ್ ವಾಸ್ ಲೇಟ್.’ ಕರ್ತೃ ಇದೆ, ಕ್ರಿಯಾಪದ ಇದೆ, ಆದರೂ ಅರ್ಧ. ಕಚೇರಿಗೆ ತಡವಾಗಿ ಹೋದ ದಿನ ಹೀಗೇ ಬರೆದುಕೊಟ್ಟು ಕೆಂಪು ಗೆರೆ ಎಳೆಸಿಕೊಂಡಿದ್ದೇನೆ. ‘ಬಸ್ ತಡವಾದ್ದರಿಂದ’ ಎಂದು ಹೇಳಿ ಸುಮ್ಮನಾದರೆ, ಕೇಳುವವರು ‘ಏನಾಯಿತು?’ ಎನ್ನುವುದಿಲ್ಲವೇ, ಹಾಗೆ.

ತಲಾ ಐದು ವಾಕ್ಯ ಬರೆದು ತನ್ನಿ. ಮೊಬೈಲ್ ತಿದ್ದಿಕೊಟ್ಟದ್ದು ಬೇಡ. ಮಂಡಕ್ಕಿ, ಮಿರ್ಚಿ ನಮ್ಮ ಮನೆಯದು.